ಆಸ್ಕರ್ ಫರ್ನಾಂಡಿಸ್: ನಾಲ್ಕು ದಶಕಗಳ ಸಂಸದ

ಉಡುಪಿಯಲ್ಲಿ 1941ರ ಮಾರ್ಚ್ 27ರಂದು ಕಥೊಲಿಕ ಕುಟುಂಬವೊಂದರಲ್ಲಿ ಜನಿಸಿದ ಶ್ರೀ ಆಸ್ಕರ್ ಫರ್ನಾಂಡಿಸ್‌ರವರು ಪುರಸಭಾ ಸದಸ್ಯರಾಗಿ ಸಾರ್ವಜನಿಕ ಜೀವನ ಆರಂಭಿಸಿದರು. 1980, 1984, 1989, 1991 ಮತ್ತು 1996ರಲ್ಲಿ ಉಡುಪಿ ಕ್ಷೇತ್ರದಿಂದ ಕಾಂಗ್ರೆಸ್ ಪಕ್ಷದ ಅಭ್ಯರ್ಥಿಯಾಗಿ ಲೋಕಸಭೆಗೆ ಆಯ್ಕೆಯಾದರು. ಕ್ರೈಸ್ತರು ಅಲ್ಪಸಂಖ್ಯಾತರಾಗಿರುವ ಕ್ಷೇತ್ರದಲ್ಲಿ ಇತರ ಸಮುದಾಯಗಳ ವಿಶ್ವಾಸವಿಲ್ಲದೆ ಇದು ಸಾಧ್ಯವಿರಲಿಲ್ಲ ಎಂಬುದನ್ನು ನಾವು ಗಮನಿಸಬೇಕು. 1998ರಲ್ಲಿ ಸೋತರೂ ಅದೇ ವರ್ಷ ರಾಜ್ಯಸಭೆ ಪ್ರವೇಶಿಸಿ, ಕೊನೆಯವರೆಗೂ ಅದರ ಸದಸ್ಯರಾಗಿದ್ದರು.

ಡಾ. ಮನಮೋಹನ್ ಸಿಂಗ್‌ರವರ ಸರಕಾರದಲ್ಲಿ ಅವರು ಕಾರ್ಮಿಕ ಖಾತೆಯ ರಾಜ್ಯ ಸಚಿವರಾಗಿದ್ದಾಗ, 2008ರಲ್ಲಿ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯಿದೆ ಅಂಗೀಕಾರವಾಯಿತು. ದಿನಗೂಲಿಯವರು, ಮನೆಯಲ್ಲೇ ಕುಳಿತು ದುಡಿಯುವವರು, ಸ್ವಂತ ಸಣ್ಣ ಕಸುಬಿನವರು ಅದರ ವ್ಯಾಪ್ತಿಗೆ ಬಂದರು. ಈ ಕಾಯಿದೆಯನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ವಿಲೀನಗೊಳಿಸಲಾಗಿದೆ. 2013-14ರಲ್ಲಿ ಅವರು ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವರಾಗಿದ್ದರು.

2021ರ ಸೆಪ್ಟೆಂಬರ್ 13ರಂದು ಮಂಗಳೂರಿನಲ್ಲಿ, ತಮ್ಮ 80ನೆಯ ವಯಸ್ಸಿನಲ್ಲಿ ನಿಧನರಾದರು.

ಕಾನೂನು ಎಷ್ಟೇ ಒಳ್ಳೆಯದಿದ್ದರೂ ಹೆಸರು ನೋಂದಾಯಿಸದ ಕಾರ್ಮಿಕನಿಗೆ ಅದರ ಸೌಲಭ್ಯ ತಲುಪುವುದು ಕಷ್ಟ. ಆದುದರಿಂದ ವಾಳೆಯ ಗುರಿಕಾರರು ತಮ್ಮ ನೆರೆಹೊರೆಯ ಇಂತಹ ದುಡಿಮೆಗಾರರನ್ನು, ಅವರು ಯಾವ ಧರ್ಮದವರೇ ಆಗಿರಲಿ, ಇ-ಶ್ರಮ್ ನೋಂದಣಿಗೆ ಕರೆದೊಯ್ಯುವಂತೆ ನಾವು ವಿನಂತಿಸುತ್ತೇವೆ.