ಅಮೃತಮಹಲ್ ಕಾವಲುಗಳು ಮತ್ತು ವನ್ಯಜೀವಿ ರಕ್ಷಣೆ

ಅಮೃತಮಹಲ್ ಕಾವಲುಗಳು: ಹಳೆಯ ಮೈಸೂರಿನ ಸೈನ್ಯಕ್ಕೆ ಫಿರಂಗಿ, ಮದ್ದುಗುಂಡು, ದವಸಧಾನ್ಯಗಳನ್ನು ಸಾಗಿಸುವ ಎತ್ತುಗಳನ್ನು ಒದಗಿಸುವುದಕ್ಕೋಸ್ಕರ ಮೀಸಲಾಗಿದ್ದ ಹುಲ್ಲುಗಾವಲುಗಳು. ಮುಖ್ಯವಾಗಿ ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲಿ ಹರಡಿರುವ ಈ ನೆಲವನ್ನು ಸೇನೆಯ ಪ್ರಯೋಜನಕ್ಕಾಗಿ ಕಾಯಲಾಯಿತಾದರೂ, ಆ ಕಾವಲಿನ ಫಲವನ್ನು ಕೃಷ್ಣಮೃಗ, ತೋಳ, ಹೆಬ್ಬಕಗಳಂತಹ ಬಯಲುಸೀಮೆಯ ಜೀವಿಗಳೂ ಉಂಡುವು.

ಬೇಲೂರಿನಿಂದ ಹಳೇಬೀಡನ್ನು ಹಾದು ಅರಸೀಕೆರೆಯತ್ತ ಸಾಗಿದಂತೆಲ್ಲ ಮಲೆನಾಡಿನ ಸೆರಗು ಹಿಂದೆ ಸರಿದು, ಕಾಫಿಯ ತೋಟಗಳು ತೆಂಗಿಗೂ ರಾಗಿಯ ಹೊಲಗಳಿಗೂ, ಕಡೆಗೆ ಕಲ್ಲುಗುಡ್ಡಗಳ ತಪ್ಪಲಿನ ಒಣ ಹುಲ್ಲುನೆಲಕ್ಕೂ ಎಡೆಗೊಡುತ್ತವೆ. ತುರುಗಾಳಗದಲ್ಲಿ ಮಡಿದ ವೀರರ ಸ್ಮರಣೆಗಾಗಿ ನಿಲ್ಲಿಸಿದ ಕಲ್ಲುಗಳು ಈ ನಾಡಿನಲ್ಲಿ ಹೇರಳವಾಗಿರುವುದನ್ನು ನೋಡಿದರೆ, ದನಕರುಗಳೇ ಇಲ್ಲಿಯ ಪ್ರಧಾನ ಸಂಪತ್ತಾಗಿದ್ದುವೆಂಬುದು ಸ್ಪಷ್ಟವಾಗುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಅಧಿಷ್ಠಾನದಲ್ಲಿ ಆನೆಗಳೂ ಅಶ್ವಾರೋಹಿಗಳೂ ಸಾಲುಗೊಂಡು ನಡೆದಿರುವರು. ಆದರೆ ಸೇನೆಯ ಭಾರವನ್ನು ಎಳೆಯುವ ಎತ್ತಿಗಾಗಿ ಪ್ರಭುತ್ವವೇ ಹುಲ್ಲುನೆಲವನ್ನು ಕಾದಿರಿಸುವ ವಿಸ್ತಾರವಾದ ವ್ಯವಸ್ಥೆ ರೂಪುಗೊಂಡುದು ಮೈಸೂರಿನ ಒಡೆಯರ ಕಾಲದಲ್ಲಿ. ಚಿಕ್ಕದೇವರಾಜ ಒಡೆಯರು (1673–1704) ಇದನ್ನು ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯನ್ನಾಗಿ ಮಾಡಿದರು, ಹೈದರಾಲಿಯು ಬೆಳೆಸಿದನು, ಟಿಪ್ಪು ಸುಲ್ತಾನನು ಅಮೃತಮಹಲ್ ಎಂಬ ಹೆಸರನ್ನಿತ್ತನು. ಈ ಎತ್ತುಗಳ ವೇಗದ ಬಲದಿಂದಲೇ ಹೈದರನು ಚಿದಂಬರದ ರಕ್ಷಣೆಗೆ ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದನೆಂದು ಗ್ಯಾಸೆಟಿಯರುಗಳು ಹೇಳುತ್ತವೆ.

ಕಾವಲುಗಳ ನಿರ್ವಹಣೆಯು ವಿಶೇಷ ಗಮನಕ್ಕೆ ಅರ್ಹವಾದುದು. ಅವುಗಳನ್ನು ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿದ್ದರು. ನೀರೂ ನೆರಳೂ ಉಳ್ಳ ಕೆರೆಯಂಗಳಗಳು ಬೇಸಗೆಗೆ ಮೀಸಲಾಗಿದ್ದು, ಮೊದಲ ಮಳೆಗೆ ಬೇಗ ಚಿಗುರುವ ನೆಲಕ್ಕೆ ಮಳೆಗಾಲದಲ್ಲಿ ಮಂದೆಗಳು ನಡೆಯುತ್ತಿದ್ದುವು. ಹೀಗೆ ಮಂದೆಯು ಒಂದೆಡೆಯಲ್ಲಿ ಮೇಯುತ್ತಿದ್ದಾಗ ಮತ್ತೊಂದೆಡೆಯ ಹುಲ್ಲು ತೆನೆಗಟ್ಟಿ ಬೀಜ ಉದುರಿಸುವುದಕ್ಕೆ ಅವಕಾಶವಿರುತ್ತಿತ್ತು. ನೇಗಿಲು ಒಳಕ್ಕೆ ಬರುವಂತಿರಲಿಲ್ಲ. ಹುಟ್ಟಿದ ಮರಿಯನ್ನು ಮೊದಲ ಕೆಲವು ದಿನ ಹುಲ್ಲಿನ ಮರೆಯಲ್ಲಿ ಅಲುಗದಂತೆ ಮಲಗಿಸಿ ತಾನು ದೂರದಲ್ಲಿ ಮೇಯುವ ಕೃಷ್ಣಮೃಗಕ್ಕೂ, ಗೂಡೆಂಬುದನ್ನೇ ಕಟ್ಟದೆ ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನಿಡುವ ಹೆಬ್ಬಕಕ್ಕೂ ಇಂತಹ ಉಳದ ನೆಲವು ಪ್ರಾಣಾಧಾರ. ಅವುಗಳ ರಕ್ಷಣೆಯನ್ನು ಇಲಾಖೆಯು ಉದ್ದೇಶಿಸಿರಲಿಲ್ಲ. ಆದಕಾರಣ ಇಲಾಖೆಯ ಉದ್ದೇಶ ಬದಲಾದಾಗ ಅವುಗಳ ಪರವಾಗಿ ಹೇಳುವುದಕ್ಕೆ ಯಾವ ನಿಯಮವೂ ಇರಲಿಲ್ಲ. ಈ ಇತಿಹಾಸದ ಮರ್ಮವೆಲ್ಲ ಇಷ್ಟರಲ್ಲಿಯೇ ಅಡಗಿದೆಯೆಂದು ಈ ಲೇಖಕನ ಅಭಿಪ್ರಾಯ.

1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಕ್ಷೀಣಿಸಿದ್ದ ಮಂದೆಗಳನ್ನು 1813ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಕ್ಯಾಪ್ಟನ್ ಹಾರ್ವೆಯ ವಶಕ್ಕೆ ಕೊಡಲಾಯಿತು, ಹುಣಸೂರು ಕೇಂದ್ರವಾಯಿತು. 1860ರಲ್ಲಿ ಮದರಾಸಿನ ಗವರ್ನರನಾಗಿದ್ದ ಸರ್ ಚಾರ್ಲ್ಸ್ ಟ್ರೆವೆಲಿಯನ್ ಮಿತವ್ಯಯದ ನೆಪದಿಂದ ಸಂಸ್ಥೆಯನ್ನೇ ವಿಸರ್ಜಿಸಿ ಮಂದೆಗಳನ್ನು ಮಾರಿಸಿದನು. ಒಳ್ಳೆಯ ಎತ್ತುಗಳಿಲ್ಲದೆ ಸೇನೆಯು ತೊಂದರೆಗೆ ಸಿಕ್ಕಿದುದರಿಂದ 1866ರಲ್ಲಿ ಅದನ್ನು ಪುನಃ ಸ್ಥಾಪಿಸಬೇಕಾಯಿತು. ಮುಂದೆ ರೈಲೂ ಮೋಟಾರೂ ಎತ್ತಿನ ಕೆಲಸವನ್ನು ಕಸಿದುಕೊಂಡುವು. 1923ರಲ್ಲಿ ಮೈಸೂರು ಸರ್ಕಾರವು ಅಮೃತಮಹಲನ್ನು ಸೇನಾ ಇಲಾಖೆಯಿಂದ ಕೃಷಿ ಇಲಾಖೆಗೆ ವರ್ಗಾಯಿಸಿತು. ಇಂದು ಅಜ್ಜಂಪುರದ ತಳಿಸಂವರ್ಧನ ಕೇಂದ್ರವೂ, ಬೀರೂರು, ಬಾಸೂರು, ಲಿಂಗದಹಳ್ಳಿ, ಅರಸೀಕೆರೆ ಸೀಮೆಯ ಹಬ್ಬನಘಟ್ಟ ಮೊದಲಾದ ಉಪಕೇಂದ್ರಗಳೂ ಆ ಪರಂಪರೆಯ ಉಳಿಕೆಗಳು.

ಸ್ವಾತಂತ್ರ್ಯಾನಂತರ ಕಾವಲುಗಳ ಬಹುಭಾಗವು ಸಾಗುವಳಿಗೂ ವಸತಿಗೂ ಹಂಚಿಹೋಯಿತು. ಭೂಹೀನರಿಗೆ ಭೂಮಿ ಕೊಟ್ಟುದು ತಪ್ಪೆನ್ನಲಾಗದು. ಆದರೆ ಹುಲ್ಲುನೆಲವನ್ನು ‘ಬಂಜರು’ ಎಂದು ಬಗೆದು, ಅರಣ್ಯ ಬೆಳೆಸುವ ಹೆಸರಿನಲ್ಲಿ ನೀಲಗಿರಿ, ಅಕೇಶಿಯಾಗಳನ್ನು ನೆಟ್ಟುದು ಕ್ಷಮಿಸಲಾಗದ ಅವಿವೇಕ. ವಿಶಾಲವಾದ ಬಯಲಿನಲ್ಲಿ ದೂರದಿಂದಲೇ ಶತ್ರುವನ್ನು ಕಂಡು ಓಡಿ ಬದುಕುವ ಕೃಷ್ಣಮೃಗಕ್ಕೆ ದಟ್ಟವಾದ ನೆಡುತೋಪು ಆಶ್ರಯವಾಗದೆ ಆತಂಕವೇ ಆಗುತ್ತದೆ.

ಸೇನೆಯ ನೆಲವು ವನ್ಯಜೀವಿಗಳಿಗೆ ನೆಲೆಯಾದುದು ಇಲ್ಲಿ ಮಾತ್ರವಲ್ಲ. ಇಂಗ್ಲೆಂಡಿನ ಸಾಲಿಸ್‌ಬರಿ ಬಯಲನ್ನು 1897ರಿಂದ ಅಲ್ಲಿಯ ಯುದ್ಧ ಇಲಾಖೆಯು ಕವಾಯತಿಗಾಗಿ ಕೊಳ್ಳತೊಡಗಿದುದರಿಂದ ಅಲ್ಲಿ ಪ್ರಾಚೀನ ಹುಲ್ಲುನೆಲವು ಉಳಿಯಿತು. ಆ ದೇಶದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ನಿರ್ನಾಮವಾಗಿದ್ದ, ನಮ್ಮ ಹೆಬ್ಬಕದ ಬಳಗಕ್ಕೇ ಸೇರಿದ ಪಕ್ಷಿಯನ್ನು 2004ರಿಂದ ಆ ಬಯಲಿಗೆ ಮರಳಿ ತರಲಾಗುತ್ತಿದೆ. ಭಾರತದಲ್ಲಿ ಅಳಿದುಳಿದಿರುವ ಹೆಬ್ಬಕಗಳ ಮುಖ್ಯ ನೆಲೆಗಳಲ್ಲಿ ರಾಜಸ್ಥಾನದ ಪೋಖರಣದ ಫಿರಂಗಿ ಅಭ್ಯಾಸದ ಮೈದಾನವೂ ಒಂದು.

ಕರ್ನಾಟಕದಲ್ಲಿ ಈ ಸಂಬಂಧವು ಹೊಸ ರೂಪದಲ್ಲಿ ಮರುಕಳಿಸಿದುದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ. ಅಲ್ಲಿಯ ವರವು, ಕುದಾಪುರ, ಉಳ್ಳಾರ್ತಿ ಕಾವಲುಗಳ ಸಹಸ್ರಾರು ಎಕರೆಗಳನ್ನು ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣುಶಕ್ತಿ ಸಂಶೋಧನ ಕೇಂದ್ರ, ಬಾಹ್ಯಾಕಾಶ ಸಂಶೋಧನ ಸಂಸ್ಥೆಗಳಿಗೆ ಕೊಡಲಾಯಿತು; ಕುರಿಗಾಹಿಗಳ ಮೇವೂ ವನ್ಯಜೀವಿಗಳ ನೆಲೆಯೂ ನಷ್ಟವಾಗುವುದೆಂಬ ದೂರು ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು; 2017ರಲ್ಲಿ ವಿಮಾನಗಳ ಪರೀಕ್ಷಾ ಕ್ಷೇತ್ರವು ಉದ್ಘಾಟನೆಗೊಂಡಿತು. ಹಳೆಯ ಕಾವಲಿಗೂ ಇದಕ್ಕೂ ಇರುವ ಭೇದ ದೊಡ್ಡದು: ಅಂದಿನ ಸೇನೆಗೆ ಹುಲ್ಲೇ ಬೇಕಾಗಿತ್ತು, ಇಂದಿನದಕ್ಕೆ ಬೇಕಾಗಿರುವುದು ಹುಲ್ಲಿನ ಕೆಳಗಿನ ನೆಲ.

ಅರಸೀಕೆರೆಯಿಂದ ರೈಲುದಾರಿಯಲ್ಲಿ ಉತ್ತರಕ್ಕೆ ಸಿಕ್ಕುವ ಕಡೂರಿನ ಸೀಮೆಯಲ್ಲಿ ಭಿನ್ನವಾದ ಮಾರ್ಗವನ್ನು ಹಿಡಿಯಲಾಗಿದೆ. ಬಾಸೂರಿನ ಅಮೃತಮಹಲ್ ಕಾವಲನ್ನು, ಸುಮಾರು ಏಳು ಚದರ ಕಿಲೋಮೀಟರು ನೆಲವನ್ನು, 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಕೃಷ್ಣಮೃಗಗಳ ಹಿಂಡುಗಳೂ ಅವುಗಳ ಬೆನ್ನು ಹಿಡಿದು ಬರುವ ತೋಳಗಳೂ ಅಲ್ಲಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ಮಾಡಿದ 2002ರ ತಿದ್ದುಪಡಿಯಿಂದ ಬಂದ ಈ ವರ್ಗದಲ್ಲಿ, ಸರ್ಕಾರವು ತನ್ನ ಒಡೆತನದ ನೆಲವನ್ನು ಸುತ್ತಣ ಜನರೊಡನೆ ಸಮಾಲೋಚಿಸಿದ ಮೇಲೆಯೇ ಮೀಸಲಿಡಬೇಕೆಂದೂ, ಅದರ ನಿರ್ವಹಣೆಗೆ ಸಲಹೆ ಕೊಡುವ ಸಮಿತಿಯಲ್ಲಿ ಆ ನೆಲವು ಸೇರಿದ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳಿರಬೇಕೆಂದೂ ವಿಧಿಸಲಾಗಿದೆ.