ಆರಾಮ ಕುರ್ಚಿ

ಸಿಂಧನೂರು ತಾಲ್ಲೂಕಿನ ಮುಕ್ಕುಂದದ ಕಡೆ ಎದುರಾದವರನ್ನು 'ಆರಾಮ ಅದೀರೇನ್ರಿ?' ಎಂದೇ ವಿಚಾರಿಸುತ್ತಾರೆ. ಜ್ವರ ಬಂದರೆ 'ಮೈಯಾಗ ಆರಾಮಿಲ್ಲ'. ಪಾರಸಿಯಲ್ಲಿ 'ಆರಾಮ್' ಎಂದರೆ ನೆಮ್ಮದಿ, ವಿಶ್ರಾಂತಿ. ಬಹಮನಿ ಮತ್ತು ಆದಿಲ್‌ಶಾಹಿ ಅರಸರ ಕಾಲದಿಂದ 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯುವವರೆಗೂ ಪಾರಸಿ, ಉರ್ದುಗಳ ಒಡನಾಟದಲ್ಲಿದ್ದ ರಾಯಚೂರು ಸೀಮೆಯಲ್ಲಿ ಅದು ಮನೆಮಾತೇ ಆಗಿದೆ.

'ಕುರ್ಚಿ'ಯದು ಇನ್ನೂ ದೂರದ ಪಯಣ. ಅರಬ್ಬಿಯ 'ಕುರ್ಸಿ'ಗೆ ಸಿಂಹಾಸನವೆಂಬ ಅರ್ಥವೂ ಉಂಟು; ಅದರ ಹಿಂದೆ ಅರಮಾಯಿಕ್, ಅದಕ್ಕೂ ಹಿಂದೆ ಅಕ್ಕಾಡಿಯನ್ನಿನ 'ಕುಸ್ಸು'. ಕನ್ನಡಕ್ಕೆ ಬರುವಾಗ 'ಸಿ' ಹೋಗಿ 'ಚಿ' ಆಯಿತು, ಮರಾಠಿಯ 'ಖುರ್ಚಿ'ಯಂತೆ.

ಎರಡೂ ಸೇರಿದ 'ಆರಾಮ ಕುರ್ಚಿ'ಗೆ ವಾಲಿದ ಬೆನ್ನು, ಬೆತ್ತದ ಹೆಣಿಗೆ. ಕೆಲವಕ್ಕೆ ಕಾಲು ಚಾಚಲು ಹೊರಳಿಸಿ ಮುಂದೆ ತರುವ ಉದ್ದನೆಯ ಕೈಗಳು. ಫ್ರೆಂಚರ 'ಶೇಜ್ ಲಾಂಗ್', ಅಂದರೆ ಉದ್ದ ಕುರ್ಚಿ, ಇದರ ಬಳಗದ್ದೇ. ಅದರಲ್ಲಿ ಆಸನವೇ ಕಾಲಿನವರೆಗೆ ಚಾಚಿರುತ್ತದೆ. ಫ್ರೆಂಚರು ಅಳತೆ ನೋಡಿ ಹೆಸರಿಟ್ಟರು, ನಾವು ಸುಖ ನೋಡಿ. ನನಗೆ ನಮ್ಮದೇ ಹೆಚ್ಚು ಇಷ್ಟ.

ಹಳೆಯ ಮನೆಯಲ್ಲಿ ಇಂಥದೊಂದು ಉಳಿದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಮರ ಗಟ್ಟಿಯಿದ್ದರೆ ಹರಿದ ಬೆತ್ತವನ್ನು ಹೊಸದಾಗಿ ಹೆಣೆಸಬಹುದು.