ಮಸಿಯ ಆಯ್ಕೆಯೂ ಯಂತ್ರದ ಒಡೆತನವೂ

1

ಮನೆಯಲ್ಲಿರುವ ಪ್ರಿಂಟರಿಗೆ ಅದನ್ನು ತಯಾರಿಸಿದ ಕಂಪೆನಿಯ ಮಸಿಯನ್ನೇ ತುಂಬಬೇಕೆ, ಅಥವಾ ಬೇರೆಯವರು ಕಡಿಮೆ ಬೆಲೆಗೆ ಮಾರುವ ಮಸಿಯನ್ನು ತುಂಬಬಹುದೆ ಎಂಬ ಪ್ರಶ್ನೆ ಮೇಲುನೋಟಕ್ಕೆ ಅಂಗಡಿಯ ಚೌಕಾಸಿಯದಾಗಿ ಕಾಣುತ್ತದೆ. ಇದರಲ್ಲಿ ಇತಿಹಾಸದ ವಿದ್ಯಾರ್ಥಿಯು ವಿಚಾರಮಾಡತಕ್ಕದ್ದು ಏನಿದೆ ಎಂದು ವಾಚಕರು ಕೇಳಿದರೆ ಆಶ್ಚರ್ಯವಿಲ್ಲ. ಆದರೆ ಈ ಪ್ರಶ್ನೆಯಲ್ಲಿ ಎರಡು ಗಂಭೀರವಾದ ವಿಷಯಗಳು ಅಡಗಿವೆ. ಹಣ ಕೊಟ್ಟು ಕೊಂಡ ಯಂತ್ರದ ಮೇಲೆ ಕೊಂಡವನಿಗೆ ಎಷ್ಟರಮಟ್ಟಿನ ಒಡೆತನವುಂಟು ಎಂಬುದು ಒಂದು. ಇಂದು ಅಚ್ಚುಮಾಡಿ ಇಟ್ಟ ಕಾಗದವು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಓದಲು ಬರುವಂತೆ ಉಳಿದೀತೆ ಎಂಬುದು ಇನ್ನೊಂದು. ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯನ್ನು ಮುಂದಿಟ್ಟುಕೊಂಡು ಈ ಎರಡನ್ನೂ ಸಂಕ್ಷೇಪವಾಗಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

2

ಈ ಮೂರು ಊರುಗಳೂ 2010ರಲ್ಲಿ ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡ ಯಾದಗಿರಿ ಜಿಲ್ಲೆಗೆ ಸೇರಿವೆ. ಸುರಪುರವು ಬೇಡ ನಾಯಕರ ಸಂಸ್ಥಾನದ ರಾಜಧಾನಿಯಾಗಿದ್ದಿತು. 1705ರಲ್ಲಿ ಔರಂಗಜೇಬನು ಇವರ ವಾಗಿಣಗೇರಿ ಕೋಟೆಗೆ ಮುತ್ತಿಗೆ ಹಾಕಿದನು. 1841ರಿಂದ 1853ರವರೆಗೆ ಮೆಡೋಸ್ ಟೇಲರನು ಇಲ್ಲಿಯ ಆಡಳಿತವನ್ನು ನೋಡಿಕೊಂಡನು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಮರಣದೊಡನೆ ಸಂಸ್ಥಾನವು ಅಳಿಯಿತು. 1860ರ ಒಪ್ಪಂದದಿಂದ ಈ ಸೀಮೆ ನಿಜಾಮನ ವಶವಾಗಿ, 1948ರಲ್ಲಿ ಭಾರತದ ಒಕ್ಕೂಟಕ್ಕೂ 1956ರಲ್ಲಿ ವಿಶಾಲ ಮೈಸೂರು ರಾಜ್ಯಕ್ಕೂ ಸೇರಿತು. ಇಷ್ಟೆಲ್ಲ ಪಲ್ಲಟಗಳಲ್ಲಿ ದಫ್ತರದ ಭಾಷೆ ಬದಲಾಯಿತು, ಲಿಪಿ ಬದಲಾಯಿತು. ಪಾರಸಿಯ ಸ್ಥಾನವನ್ನು ಉರ್ದು ಪಡೆಯಿತು, ಅನಂತರ ಕನ್ನಡ ಬಂದಿತು. ಆದರೆ ಯಾವ ಮಸಿಯಿಂದ ಬರೆಯಬೇಕು ಎಂಬುದನ್ನು ಲೆಕ್ಕಣಿಕೆ ಮಾರಿದವನು ವಿಧಿಸಬಹುದೆಂಬ ಕಲ್ಪನೆ ಯಾರಿಗೂ ಇರಲಿಲ್ಲ.

ಇದಕ್ಕೆ ಕಾರಣ ಸರಳವಾದುದು. ಮಸಿಯು ಮನೆಯಲ್ಲಿಯೇ ಸಿದ್ಧವಾಗಬಲ್ಲ ವಸ್ತು. ಎಣ್ಣೆಯ ದೀಪದ ಕಪ್ಪನ್ನು ಕೂಡಿಸಿ, ಜಾಲಿಯ ಅಂಟನ್ನು ನೀರಿನಲ್ಲಿ ನೆನೆಹಾಕಿ, ಎರಡನ್ನೂ ಅರೆದರೆ ಬರೆಹಕ್ಕೆ ಬೇಕಾದ ಮಸಿ ದೊರೆಯುತ್ತದೆ. ನಮ್ಮ ನುಡಿಯೂ ಇದಕ್ಕೆ ಸಾಕ್ಷಿಯಾಗಿದೆ: ಪಾತ್ರೆಯ ತಳಕ್ಕೆ ಹತ್ತುವ ಕಪ್ಪಿಗೂ ಬರೆಯುವ ದ್ರವಕ್ಕೂ ಮಸಿ ಎಂಬುದು ಒಂದೇ ಹೆಸರು. ಶಾಯಿ ಎಂಬ ಮಾತು ಸಹ ಕಪ್ಪು ಎಂಬರ್ಥದ ಪಾರಸಿಯ ಸಿಯಾಹ್ ಶಬ್ದದಿಂದ ಬಂದುದು. ತಾಳೆಗರಿಯಲ್ಲಿ ಕಂಟದಿಂದ ಕೊರೆದ ಅಕ್ಷರಗಳು ಕಾಣುವಂತೆ ಮಾಡಲು ಉಜ್ಜುತ್ತಿದ್ದುದೂ ಇದೇ ಕಪ್ಪನ್ನು. ಹುಣಿಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿಯನ್ನು ಕಲಸಿ ಬಟ್ಟೆಗೆ ಬಳಿದರೆ ಕಡತವಾಗುತ್ತಿದ್ದಿತು. ಅದರ ಮೇಲೆ ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದರು. ಇಂಗಾಲವು ಬೆಳಕಿಗೆ ಮಾಸತಕ್ಕದ್ದಲ್ಲ. ಹಳೆಯ ಕಾಗದಪತ್ರಗಳನ್ನು ನಾವು ಇಂದಿಗೂ ಓದಬಲ್ಲೆವಾದರೆ ಅದಕ್ಕೆ ಈ ಗುಣವೇ ಮುಖ್ಯ ಕಾರಣ.

ವಿದೇಶಿ ಫೌಂಟನ್ ಪೆನ್ನುಗಳು ಬಂದ ಮೇಲೂ ಸ್ಥಿತಿ ಬಹಳ ಬದಲಾಗಲಿಲ್ಲ. 1934ರಲ್ಲಿ ಬಂಗಾಳದಲ್ಲಿ ಸ್ವದೇಶಿ ಭಾವನೆಯಿಂದ ಸುಲೇಖಾ ಮಸಿಯ ತಯಾರಿಕೆ ಆರಂಭವಾಯಿತು. ಅಂಥ ಮಸಿಯನ್ನು ಪರದೇಶದ ಪೆನ್ನಿಗೆ ತುಂಬಿದರೂ ಪೆನ್ನು ಬರೆಯುತ್ತಿದ್ದಿತು. ಇಂದಿನ ಮಾತಿನಲ್ಲಿ ಹೇಳುವುದಾದರೆ, ಅದು ಮೂರನೆಯವರ ಮಸಿಯೇ ಸರಿ.

3

ಮಸಿಯ ಸ್ವಾತಂತ್ರ್ಯಕ್ಕೆ ಮೊದಲ ತಡೆ ಬಂದುದು ನಕಲು ತೆಗೆಯುವ ಯಂತ್ರದಿಂದ. ನಮ್ಮ ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಸೈಕ್ಲೋಸ್ಟೈಲ್ ಎಂದು ಹೆಸರಾಗಿದ್ದ ಯಂತ್ರದ ಜಾತಿಗೆ ಸೇರಿದ ಮಿಮಿಯೋಗ್ರಾಫನ್ನು ಷಿಕಾಗೋ ನಗರದ ಎ. ಬಿ. ಡಿಕ್ ಕಂಪೆನಿಯು ಮಾರುತ್ತಿದ್ದಿತು. ತನ್ನ ಕಂಪೆನಿಯ ಸ್ಟೆನ್ಸಿಲ್ ಕಾಗದ ಮತ್ತು ಮಸಿಗಳೊಡನೆ ಮಾತ್ರ ಈ ಯಂತ್ರವನ್ನು ಉಪಯೋಗಿಸಬೇಕೆಂಬ ಷರತ್ತು ಯಂತ್ರದ ಮೇಲೆಯೇ ಬರೆದಿರುತ್ತಿದ್ದಿತು. ಷರತ್ತನ್ನು ಬಲ್ಲ ಬೇರೊಬ್ಬ ವ್ಯಾಪಾರಿಯು ಯಂತ್ರ ಕೊಂಡಿದ್ದವರಿಗೆ ತನ್ನ ಮಸಿಯನ್ನು ಮಾರಿದಾಗ ವ್ಯಾಜ್ಯವು ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1912ರಲ್ಲಿ ನಾಲ್ವರು ನ್ಯಾಯಾಧೀಶರು ಕಂಪೆನಿಯ ಪರವಾಗಿಯೂ ಮೂವರು ವಿರುದ್ಧವಾಗಿಯೂ ಅಭಿಪ್ರಾಯವಿತ್ತರು. ಮಸಿಗೆ ಪೇಟೆಂಟು ಇರದಿದ್ದರೂ ಯಂತ್ರದ ಪೇಟೆಂಟಿನ ಬಲದಿಂದ ಅದನ್ನು ಕಟ್ಟಿಹಾಕಬಹುದೆಂದು ಇದರಿಂದ ಸಿದ್ಧವಾಯಿತು. ಈ ತೀರ್ಪು ಬಹುಕಾಲ ನಿಲ್ಲಲಿಲ್ಲ. 1914ರಲ್ಲಿ ಇಂಥ ಕರಾರುಗಳಿಗೆ ಕಡಿವಾಣ ಹಾಕುವ ಕ್ಲೇಟನ್ ಶಾಸನವು ಬಂದಿತು. 1917ರಲ್ಲಿ ಚಲಚ್ಚಿತ್ರ ಪ್ರದರ್ಶನ ಯಂತ್ರವೊಂದರ ವ್ಯಾಜ್ಯದಲ್ಲಿ ಅದೇ ನ್ಯಾಯಾಲಯವು ತನ್ನ ಹಿಂದಿನ ತೀರ್ಪನ್ನು ರದ್ದುಗೊಳಿಸಿತು.

ಭಾರತದಲ್ಲಿ ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರರು 1959ರಲ್ಲಿ ಒಪ್ಪಿಸಿದ ವರದಿಯ ಆಧಾರದ ಮೇಲೆ 1970ರ ಪೇಟೆಂಟು ಕಾಯಿದೆಯು ರೂಪುಗೊಂಡಿತು. ಪೇಟೆಂಟು ಪಡೆದ ವಸ್ತುವನ್ನು ಮಾರುವಾಗ, ಅದಕ್ಕೆ ಹೊರತಾದ ಬೇರೆ ವಸ್ತುಗಳನ್ನು ಮಾರಿದವನಿಂದಲೇ ಕೊಳ್ಳಬೇಕೆಂಬ ಕರಾರನ್ನು ಸೇರಿಸುವುದು ನ್ಯಾಯಬದ್ಧವಲ್ಲವೆಂದು ಅದರ 140ನೆಯ ಪ್ರಕರಣವು ಹೇಳುತ್ತದೆ. ಒಂದನ್ನು ಕೊಳ್ಳಲು ಇನ್ನೊಂದನ್ನು ಕೊಳ್ಳಲೇಬೇಕೆನ್ನುವ ಒಪ್ಪಂದವು ಸ್ಪರ್ಧೆಗೆ ಗಣನೀಯವಾದ ಕೇಡುಂಟುಮಾಡಿದರೆ 2002ರ ಸ್ಪರ್ಧಾ ಕಾಯಿದೆಯೂ ಅದನ್ನು ನಿಷೇಧಿಸುತ್ತದೆ. ಕಾನೂನಿನ ಮಾತಿನಲ್ಲಿ ಕೊಂಡವನ ಹಕ್ಕು ಹೀಗೆ ಬಹುಮಟ್ಟಿಗೆ ಸ್ಥಾಪಿತವಾಗಿದೆಯೆನ್ನಬಹುದು.

4

ಆದರೆ ಮುಂದಿನ ಯಂತ್ರವು ಕರಾರುಪತ್ರವನ್ನು ಅವಲಂಬಿಸಲಿಲ್ಲ. ಸೂಕ್ಷ್ಮವಾದ ರಂಧ್ರಗಳಿಂದ ಮಸಿಯ ಹನಿಗಳನ್ನು ಚಿಮ್ಮಿಸುವ ಇಂಕ್‌ಜೆಟ್ ವಿಧಾನದಲ್ಲಿ, ಕಾವಿನಿಂದ ಹನಿಯನ್ನು ಹೊರದೂಡುವ ಉಪಾಯವನ್ನು 1970ರ ದಶಕದ ಕೊನೆಯಲ್ಲಿ ಜಪಾನಿನ ಕ್ಯಾನನ್ ಮತ್ತು ಅಮೆರಿಕೆಯ ಹ್ಯೂಲೆಟ್-ಪ್ಯಾಕರ್ಡ್ ಕಂಪೆನಿಗಳು ಬೇರೆಬೇರೆಯಾಗಿ ಕಂಡುಕೊಂಡವು. 1984ರಲ್ಲಿ ಥಿಂಕ್‌ಜೆಟ್ ಮಾರುಕಟ್ಟೆಗೆ ಬಂದಿತು. ಯಂತ್ರವನ್ನು ಅಗ್ಗವಾಗಿ ಮಾರಿ ಲಾಭವನ್ನು ಮಸಿಯಲ್ಲಿ ಪಡೆಯುವ ಪದ್ಧತಿ ಬೆಳೆಯಿತು. ಮಸಿ ತುಂಬಿದ ಕಾರ್ಟ್ರಿಜ್‌ಗೆ ಚಿಪ್ಪನ್ನು ಅಳವಡಿಸಿ, ಅಪರಿಚಿತವಾದ ಚಿಪ್ಪು ಕಂಡರೆ ಯಂತ್ರವೇ ಕೆಲಸಮಾಡದಂತೆ ಏರ್ಪಡಿಸಿದ್ದೂ ಉಂಟು. 1912ರಲ್ಲಿ ನ್ಯಾಯಾಧೀಶರು ಕುಳಿತು ನಿರ್ಣಯಿಸಿದ್ದನ್ನು ಇಲ್ಲಿ ಚಿಪ್ಪು ತಾನೇ ನಿರ್ಣಯಿಸುತ್ತದೆ. ಅದರ ಎದುರಿಗೆ ವಾದಕ್ಕೆ ಅವಕಾಶವಿಲ್ಲ.

ಕಾನೂನು ಇದರ ಹಿಂದೆ ನಿಧಾನವಾಗಿ ನಡೆದುಬಂದಿದೆ. ಮುದ್ರಣಶಿರದೊಡನೆ ಮಸಿಯನ್ನೂ ಕೊಳ್ಳಬೇಕೆಂಬ ಕರಾರಿನ ಬಗ್ಗೆ 2006ರಲ್ಲಿ ತೀರ್ಪಿತ್ತ ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯವು, ಪೇಟೆಂಟು ಇದ್ದಮಾತ್ರಕ್ಕೆ ಮಾರುಕಟ್ಟೆಯ ಮೇಲೆ ಹಿಡಿತವಿದೆಯೆಂದು ಊಹಿಸಲಾಗದೆಂದು ಹೇಳಿ ಕಂಪೆನಿಗಳ ಕಡೆಗೆ ತುಸು ವಾಲಿತು. 2017ರಲ್ಲಿ ಲೆಕ್ಸ್‌ಮಾರ್ಕ್ ಕಂಪೆನಿಯ ಟೋನರ್ ಕಾರ್ಟ್ರಿಜ್‌ಗಳನ್ನು ಕುರಿತ ವ್ಯಾಜ್ಯದಲ್ಲಿ, ಒಮ್ಮೆ ಮಾರಿದ ವಸ್ತುವಿನ ಮೇಲೆ ಪೇಟೆಂಟಿನ ಅಧಿಕಾರವು ಮುಗಿಯಿತೆಂದೂ, ಬರಿದಾದ ಕಾರ್ಟ್ರಿಜ್‌ಗೆ ಮರಳಿ ತುಂಬಿ ಮಾರುವವರನ್ನು ಆ ಅಧಿಕಾರದಿಂದ ತಡೆಯಲಾಗದೆಂದೂ ಅದೇ ನ್ಯಾಯಾಲಯವು ಸಾರಿತು. ಭಾರತ ಸರ್ಕಾರವು 2022ರಲ್ಲಿ ದುರಸ್ತಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ನೇಮಿಸಿತು. ಬಳಕೆದಾರರು ಮಾತ್ರ ನ್ಯಾಯಾಲಯಗಳಿಗಾಗಿ ಕಾಯಲಿಲ್ಲ. ಯಂತ್ರದ ಹೊರಗೆ ಮಸಿಯ ಬುಡ್ಡಿಗಳನ್ನಿಟ್ಟು ಕೊಳವೆಗಳಿಂದ ಒಳಕ್ಕೆ ಹರಿಸುವ ಉಪಾಯವನ್ನು ಅನೇಕರು ಕೈಗೊಂಡರು. 2010ರಲ್ಲಿ ಎಪ್ಸನ್ ಕಂಪೆನಿಯು ತೊಟ್ಟಿಯುಳ್ಳ ಪ್ರಿಂಟರನ್ನು ಮೊದಲು ಇಂಡೊನೇಷಿಯದಲ್ಲಿ ತಾನೇ ಮಾರಲಾರಂಭಿಸಿತು. ಮಸಿಕುಡಿಕೆಯು ಹೀಗೆ ಇನ್ನೊಂದು ರೂಪದಲ್ಲಿ ಮರಳಿ ಬಂದಿತೆನ್ನಬೇಕು.

5

ಇಷ್ಟರಿಂದ ಅಗ್ಗದ ಮಸಿಯೆಲ್ಲವೂ ಯೋಗ್ಯವೆಂದು ತಿಳಿಯಲಾಗದು. ಮಾರುಕಟ್ಟೆಯಲ್ಲಿ ಮೂರು ಬಗೆಗಳನ್ನು ಬೇರ್ಪಡಿಸಿ ನೋಡಬೇಕು. ಮೂಲ ಕಾರ್ಟ್ರಿಜ್‌ಗೇ ಮರಳಿ ತುಂಬಿದುದು ಒಂದು; ಬೇರೊಬ್ಬರು ತಮ್ಮ ಹೆಸರಿನಿಂದಲೇ ತಯಾರಿಸಿದ, ಯಂತ್ರಕ್ಕೆ ಹೊಂದತಕ್ಕದ್ದು ಎರಡನೆಯದು; ಮೂಲ ಕಂಪೆನಿಯ ಹೆಸರನ್ನೇ ಕದ್ದು ಮಾರುವುದು ಮೂರನೆಯದು. ಕೊನೆಯದು ವಂಚನೆಯಲ್ಲದೆ ಬೇರೆಯಲ್ಲ. ಮೊದಲಿನ ಎರಡರಲ್ಲಿಯೂ ಗುಣವನ್ನು ನೋಡದೆ ವಿಧಿಯಿಲ್ಲ. ಮಸಿಯ ಸಾಂದ್ರತೆ ಯಂತ್ರಕ್ಕೆ ಒಗ್ಗದಿದ್ದರೆ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಬೇಸಗೆಯ ಬಿಸಿಲು 40 ಡಿಗ್ರಿಯನ್ನು ಮೀರುವ ಯಾದಗಿರಿ ಸೀಮೆಯಲ್ಲಿ, ವಾರಗಟ್ಟಲೆ ಬಳಸದೆ ಇಟ್ಟ ಯಂತ್ರದಲ್ಲಿ ಯಾವ ಮಸಿಯಾದರೂ ಒಣಗುವ ಭಯವುಂಟು.

ಒಬ್ಬನೇ ತಯಾರಕನ ಮಸಿಯನ್ನು ಒಪ್ಪತಕ್ಕ ಸಂದರ್ಭವೂ ಇಲ್ಲದಿಲ್ಲ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅರಗು ಮತ್ತು ಬಣ್ಣದ ಕಾರ್ಖಾನೆಯು 1962ರ ಮಹಾ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಮಸಿಯನ್ನು ಒದಗಿಸುತ್ತ ಬಂದಿದೆ. ಸುರಪುರದ ಮತದಾರರ ಬೆರಳಿಗೂ ಹತ್ತುವುದು ಅದೇ ಮಸಿ. ಅಲ್ಲಿ ಗೋಪ್ಯತೆಗೆ ಸಾರ್ವಜನಿಕ ಹಿತವೇ ಕಾರಣ. ಮನೆಯ ಪ್ರಿಂಟರಿನ ಚಿಪ್ಪಿಗೆ ಅಂಥ ಸಮರ್ಥನೆಯನ್ನು ಕೊಡುವುದು ಕಷ್ಟ.

ಹೆಚ್ಚು ಮುಖ್ಯವಾದ ವಿಷಯವು ದಾಖಲೆಗಳದು. ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆಯಿಂದ ತಾಲ್ಲೂಕುಗಳ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ಕೈಬರೆಹದ ಪಹಣಿಯ ಸ್ಥಾನವನ್ನು ಮುದ್ರಿತ ಪ್ರತಿ ಪಡೆಯಿತು. ನಾರಾಯಣಪುರದ ಬಸವಸಾಗರದಿಂದ ಹೊರಡುವ ಎಡದಂಡೆ ಕಾಲುವೆಯು ಶಹಾಪುರ, ಸುರಪುರಗಳ ಹೊಲಗಳಿಗೆ ನೀರು ತಂದ ಮೇಲೆ ಇಂಥ ಕಾಗದದ ಬೆಲೆ ಎಷ್ಟೆಂಬುದನ್ನು ಇಲ್ಲಿಯ ರೈತನಿಗೆ ಹೇಳಿಕೊಡಬೇಕಾಗಿಲ್ಲ. ಗಣಕದಲ್ಲಿರುವ ಪಹಣಿಯನ್ನು ಮತ್ತೆ ಪಡೆಯಬಹುದು. ಮನೆಯಲ್ಲಿ ಅಚ್ಚುಮಾಡಿಕೊಂಡ ಪಾಲುಪಟ್ಟಿ, ಮುಚ್ಚಳಿಕೆ, ಊರ ಪಂಚರ ಒಪ್ಪಿಗೆಗಳಿಗೆ ಇನ್ನೊಂದು ಪ್ರತಿ ಎಲ್ಲಿಯೂ ಇರಲಾರದು. ನೀರಿನಲ್ಲಿ ಕರಗಿದ ಬಣ್ಣದ ಮಸಿಯು ಸಾಮಾನ್ಯವಾಗಿ ಬಿಸಿಲಿಗೆ ಮಾಸುತ್ತದೆ, ತೇವಕ್ಕೆ ಹರಡುತ್ತದೆ. ಕಂಪೆನಿಯ ಮುದ್ರೆಯಿದ್ದರೂ ಅಂಥ ಮಸಿಯ ಸ್ವಭಾವ ಬದಲಾಗುವುದಿಲ್ಲ. ವರ್ಣಕಣಗಳುಳ್ಳ ಕಪ್ಪು ಮಸಿಯಾಗಲಿ, ಲೇಸರ್ ಯಂತ್ರದ ಕಪ್ಪು ಪುಡಿಯಾಗಲಿ ಇದಕ್ಕಿಂತ ಬಹಳ ಬಾಳುತ್ತವೆ. ಅವುಗಳ ಕಪ್ಪಿಗೆ ಸಾಮಾನ್ಯವಾಗಿ ಇಂಗಾಲವೇ ಮೂಲ. ಅದು ನಮ್ಮ ಹಿರಿಯರ ದೀಪದ ಮಸಿಯ ಜಾತಿಯದೇ.

6

ಮೇಲಿನ ವಿವೇಚನೆಯಿಂದ ತೋರುವುದಿಷ್ಟು. ಯಂತ್ರವನ್ನು ಕೊಂಡವನಿಗೆ ಮಸಿಯನ್ನು ಆರಿಸುವ ಹಕ್ಕು ಇರುವುದು ನ್ಯಾಯ. ಒಂದು ಶತಮಾನದ ವ್ಯಾಜ್ಯಗಳು ಏಳುಬೀಳುಗಳ ನಡುವೆಯೂ ಈ ಕಡೆಗೇ ಸಾಗಿವೆ. ಆರಿಸುವಾಗ ಬೆಲೆಯೊಂದನ್ನೇ ನೋಡಿದರೂ, ಹೆಸರೊಂದನ್ನೇ ನೋಡಿದರೂ ತಪ್ಪಾಗುತ್ತದೆ. ವಿದ್ಯಾರ್ಥಿಯ ಟಿಪ್ಪಣಿಗೆ ಅಗ್ಗದ ಮಸಿ ಸಾಲದೆ ಇಲ್ಲ. ಹೊಲಮನೆಯ ಕಾಗದಕ್ಕಾದರೆ ಎರಡು ಸಾಲು ಅಚ್ಚುಮಾಡಿ, ಒಂದಕ್ಕೆ ನೀರು ಚಿಮುಕಿಸಿ, ಇನ್ನೊಂದನ್ನು ಹದಿನೈದು ದಿನ ಬಿಸಿಲಿಗಿಟ್ಟು ನೋಡುವುದು ಲೇಸು. ಕಾಲೇಜುಗಳ ಇತಿಹಾಸ ವಿಭಾಗಗಳು ತಮ್ಮ ಊರಿನ ಮನೆಗಳಲ್ಲಿರುವ ಹಳೆಯ ಕಾಗದಗಳ ಜೊತೆಗೆ ಇಂದಿನ ಮುದ್ರಿತ ಕಾಗದಗಳನ್ನೂ ಹೀಗೆ ಪರೀಕ್ಷಿಸಿ ನೋಡುವುದಾದರೆ, ಮುಂದಿನ ಸಂಶೋಧಕರು ಈ ಕಾಲದ ಬಾಳನ್ನು ಅರಿಯಲು ಬೇಕಾದ ಆಧಾರಗಳಲ್ಲಿ ಕೆಲವಾದರೂ ಉಳಿದಾವು.